ನಲವತ್ತು ಚಿತ್ರಗಳಲ್ಲಿ ಇಲ್ಲದ ಮಾತು

“ಸಾರಿ ಬಟನ್ ಒತ್ತು ಪುಟ್ಟಾ, ಅಲ್ಲಿಗೆ ಮುಗೀತು,” ಅಂದರು ಕ್ಲಾಸ್ ಟೀಚರ್.

ಮೆಣಸು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಶಾಲೆಯ ಹೊಸ ಗ್ಲೋಬ್ ಎರಡು ಹೋಳಾಗಿ ನೆಲದ ಮೇಲೆ ಬಿದ್ದಿತ್ತು. ಬಿದ್ದದ್ದು ಅವಳ ಬೆಂಚಿನ ಪಕ್ಕದಲ್ಲೇ. “ಅವಳೇ ಬೀಳಿಸಿದ್ದು ಮಿಸ್!” ಅಂತ ಹಿಂದಿನ ಬೆಂಚಿನಿಂದ ಕೂಗಿದವನು ಕ್ಲಾಸಿಗೇ ಉದ್ದದ ಹುಡುಗ ಲಂಬು. ಚೆಂಡು ಎಸೆದು ಬೀಳಿಸಿದವನೂ ಅವನೇ! ಮೆಣಸು ಕಣ್ಣಾರೆ ನೋಡಿದ್ದಳು.

ಮೆಣಸು ಅನ್ನುವುದು ಅಜ್ಜ ಇಟ್ಟ ಹೆಸರು. ಹುಡುಗಿ ಇಷ್ಟೇ ಇಷ್ಟು, ಕೋಪ ಮಾತ್ರ ನೆತ್ತಿಗೇರುವಷ್ಟು. ಯಾರು ಏನು ಹೇಳಿದರೂ ಅವಳಿಗೆ ಅರ್ಥವಾಗುತ್ತಿತ್ತು. ತಾನು ಹೇಳಬೇಕಾದ್ದು ಮಾತ್ರ ಬಾಯಿಗೆ ಬರುವಷ್ಟರಲ್ಲಿ ಚೂರುಚೂರಾಗುತ್ತಿತ್ತು. ಬರೆಯೋಣವೆಂದರೆ ಅಕ್ಷರಗಳೂ ಇನ್ನೂ ಅವಳ ಕೈಗೆ ಸಿಕ್ಕಿರಲಿಲ್ಲ. ಅದಕ್ಕೇ ಕುತ್ತಿಗೆಯಲ್ಲಿ ಟ್ಯಾಬ್. ಅದರಲ್ಲಿ ನಲವತ್ತು ಚಿತ್ರ. ಲೋಟದ ಚಿತ್ರ ಒತ್ತಿದರೆ ‘ನೀರು ಬೇಕು’ ಅನ್ನುತ್ತಿತ್ತು. ಊಟ, ಟಾಯ್ಲೆಟ್, ಥ್ಯಾಂಕ್ಯೂ, ಸಾರಿ, ಬೇಡ, ಎಲ್ಲ ಇದ್ದವು. ‘ನಾನಲ್ಲ’ ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ.

“ಒತ್ತು ಅಂದ್ನಲ್ಲ!” ಟೀಚರ್ ದನಿ ಏರಿತು.

ಮೆಣಸು ಬೆರಳು ಮುಂದೆ ತಂದಳು.

“ಸಾರಿ,” ಅಂದಿತು ಟ್ಯಾಬ್.

ಟೀಚರ್ ಮುಖ ಸಡಿಲವಾಯಿತು. ಅಷ್ಟರಲ್ಲಿ ಬೆರಳು ಇನ್ನೊಂದು ಚಿತ್ರಕ್ಕೆ ಹಾರಿತ್ತು.

“ಬೇಡ.”

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು.

“ಸಾರಿ. ಬೇಡ. ಸಾರಿ. ಬೇಡ.”

“ಎಷ್ಟು ಹಟ ನಿಂಗೆ! ಸಾರಿ ಕೇಳೋವರೆಗೂ ಆಟದ ಪೀರಿಯಡ್ ಇಲ್ಲ, ತಿಳ್ಕೋ!”

ಸಂಜೆ ಸ್ಪೀಚ್ ಕ್ಲಾಸಿನಲ್ಲಿ ಅಮ್ಮ ಟೀಚರ್ ದೂರನ್ನೆಲ್ಲ ಹೇಳಿದಳು. “ಒಂದ್ಸಲ ‘ಸಾರಿ’ ಅಂದ್ಬಿಟ್ಟಿದ್ರೆ ಇವಳ ಗಂಟೇನು ಹೋಗ್ತಿತ್ತು ಹೇಳಿ?”

ಮಾತು ಕಲಿಸುವ ಸ್ಪೀಚ್ ಅಕ್ಕ ನಕ್ಕರು. “ಇರ್ಲಿ ಬಿಡಿ. ಬಾ ಮರಿ, ಇವತ್ತು ‘ಖುಷಿ’ ಚಿತ್ರ ಒತ್ತೋಣ.”

ಮೆಣಸು ಟ್ಯಾಬನ್ನು ಬೋರಲು ಹಾಕಿದಳು.

ಅಕ್ಕ ತಿರುಗಿಸಿಟ್ಟರು. ಅವಳು ಮತ್ತೆ ಬೋರಲು ಹಾಕಿದಳು. ಈ ಸಲ ಅಕ್ಕ ತಿರುಗಿಸಲಿಲ್ಲ. ಅವಳ ಮುಖವನ್ನೇ ನೋಡಿದರು.

“ನಿಂಗೆ ಬೇಕಾದ ಮಾತು ಇದ್ರಲ್ಲಿ ಇಲ್ವಾ?”

ರಿಬ್ಬನ್ ಬಿಚ್ಚಿ ಹೋಗುವಷ್ಟು ಜೋರಾಗಿ ಇಲ್ಲವೆಂದು ತಲೆಯಾಡಿಸಿದಳು ಮೆಣಸು.

“ನಲವತ್ತು ಚೆನ್ನಾಗಿ ಕಲೀಲಿ, ಆಮೇಲೆ ಉಳಿದದ್ದು ಅಂತ ನಾನೇ ಲಾಕ್ ಮಾಡಿದ್ದೆ,” ಅಕ್ಕ ಅಮ್ಮನ ಕಡೆ ತಿರುಗಿದರು. “ಇವಳನ್ನ ಕೇಳ್ಬೇಕಿತ್ತು. ತಪ್ಪು ನಂದು.”

ಲಾಕ್ ತೆಗೆದದ್ದೇ ತಡ, ಪುಟಪುಟವಾಗಿ ಚಿತ್ರಗಳು ಬಂದವು. ಒಂದೊಂದನ್ನೂ ಒತ್ತಿ ಕೇಳುತ್ತಾ ಹೋದಳು. ಕೋಪ. ಹೊಟ್ಟೆಕಿಚ್ಚು. ಗೊತ್ತು. ಗೊತ್ತಿಲ್ಲ. ಹೇಳಲ್ಲ. ಕೈ ಅಲ್ಲಾಡಿಸುವ ಹುಡುಗಿಯ ಚಿತ್ರ ಬಂತು.

“ನಾನಲ್ಲ,” ಅಂದಿತು ಟ್ಯಾಬ್.

ಮತ್ತೆ ಒತ್ತಿದಳು. ಮತ್ತೆ. ಮತ್ತೆ.

“ಅಯ್ಯೋ ಕಂದಾ… ನೀನಲ್ವಾ?” ಅಂದಳು ಅಮ್ಮ. ಆಮೇಲೆ ಮಗಳ ಬಿಚ್ಚಿದ ರಿಬ್ಬನ್ ಕಟ್ಟತೊಡಗಿದಳು.

ಮರುದಿನ ಹಾಜರಿ ಕರೆಯುವ ಮೊದಲೇ ಮೆಣಸು ಟೀಚರ್ ಮೇಜಿನ ಮುಂದೆ ನಿಂತಿದ್ದಳು. ಸೌಂಡ್ ಪೂರ್ತಿ ಏರಿಸಿದ್ದಳು.

“ನಾನಲ್ಲ!”

ಟೀಚರ್ ಪೆನ್ ಕೆಳಗಿಟ್ಟರು. “ಮತ್ತ್ಯಾರು?”

ಈಗ ಟ್ಯಾಬಿನಲ್ಲಿ ‘ಹುಡುಗ’ ಇತ್ತು, ‘ಉದ್ದ’ ಇತ್ತು, ‘ಚೆಂಡು’ ಇತ್ತು. ಮೆಣಸು ಹಿಂದಕ್ಕೆ ತಿರುಗಿದಳು. ಲಂಬು ತನ್ನ ಶೂ ನೋಡುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಚೆಂಡಿನ ಚಿತ್ರದ ಮೇಲೆ ಅವಳ ಬೆರಳು ನಿಂತಿತು. ಪಕ್ಕಕ್ಕೆ ಸರಿಯಿತು.

“ಗೊತ್ತು. ಹೇಳಲ್ಲ.”

ಈ ಸಲ ಯಾರೂ ನಗಲಿಲ್ಲ. “ಆಯ್ತು. ಇವತ್ತು ಆಟಕ್ಕೆ ಹೋಗು. ನಿನ್ನೆ ನಾನು ನಿನ್ನ ಕೇಳ್ಲೇ ಇಲ್ಲ,” ಅಂದರು ಟೀಚರ್ ಮೆಲ್ಲಗೆ.

ಹಿಂದಿನ ಬೆಂಚು ಕಿರ್ರೆಂದಿತು. ಲಂಬು ಎದ್ದು ನಿಂತಿದ್ದ. “ಮಿಸ್… ಅದು…”

ಮೆಣಸು ತಿರುಗಿಯೂ ನೋಡದೆ ಜಾಗಕ್ಕೆ ಹೋಗಿ ಕೂತಳು. ನಿನ್ನೆಯೂ ಅವಳು ಅವನ ಹೆಸರು ಹೇಳಿರಲಿಲ್ಲ, ಇವತ್ತೂ ಹೇಳಲಿಲ್ಲ. ನಿನ್ನೆ ಗಂಟಲೆಲ್ಲ ಉರಿದಿತ್ತು. ಇವತ್ತು ಉರಿಯಲಿಲ್ಲ. ಇವತ್ತಿನ ಮೌನ ಅವಳದೇ ಆಗಿತ್ತು.