ಯಜ್ಞಣ್ಣ ಚೆಲ್ಲಿದ ನೀರು

ಮೂರನೆಯ ಲೋಟದ ನೀರೂ ಅವನ ಅಂಗಿಯ ಮೇಲೆಯೇ ಬಿತ್ತು.

ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಅನಘಾ ಕಣ್ಣು ಕಿರಿದು ಮಾಡಿ ನೋಡಿದಳು. ಮೂಲೆಯ ಮೇಜಿನ ಆ ಯುವಕ ಲೋಟ ಎತ್ತುತ್ತಾನೆ, ತುಟಿಗೆ ತಾಗಿಸದೆ ಚೆನ್ನಾಗಿಯೇ ಎರಡು ಗುಟುಕು ಕುಡಿಯುತ್ತಾನೆ, ಆಮೇಲೆ ಬೇಕೆಂದೇ ಕೈ ಓರೆ ಮಾಡುತ್ತಾನೆ. ನೀರು ಗಲ್ಲದಿಂದ ಎದೆಗೆ ಇಳಿಯುತ್ತದೆ. ಸರಿಯಾಗಲಿಲ್ಲ ಎಂಬಂತೆ ತಲೆಯಾಡಿಸಿ ಮತ್ತೊಂದು ಲೋಟ ತುಂಬಿಸಿಕೊಳ್ಳುತ್ತಾನೆ.

ಇವನಿಗೆ ಏನಾಗಿದೆ...?

ಮಡಿಕೇರಿ ರಸ್ತೆಯ ಕಲ್ಲುಗುಂಡಿಯಲ್ಲಿ ಅವಳ ಅಜ್ಜ ಹಾಕಿದ ಆ ಹೋಟೆಲು ಐವತ್ತು ವರ್ಷಗಳಿಂದ ಇದೆ. ಘಾಟಿ ಹತ್ತುವವರು, ಇಳಿಯುವವರು, ವಾಂತಿ ಮಾಡಿಕೊಂಡು ಲಿಂಬೆ ಶರಬತ್ತು ಕೇಳುವವರು, ಹೀಗೆ ಬಗೆಬಗೆಯ ಗಿರಾಕಿಗಳನ್ನು ಅನಘಾ ಕಂಡಿದ್ದಳು. ನೀರಿನೊಡನೆ ಜಗಳಕ್ಕೆ ನಿಂತವನನ್ನು ಕಂಡದ್ದು ಇದೇ ಮೊದಲು. ತಡೆಯಲಾರದೆ ಎದ್ದು ಹೋದಳು.

"ಕಚ್ಚಿಯೇ ಕುಡಿಯಿರಿ ಮಾರಾಯ್ರೆ. ಲೋಟ ತೊಳಿಲಿಕ್ಕೆ ನಮ್ಮಲ್ಲಿ ಜನ ಉಂಟು."

ಅವನು ಒದ್ದೆ ಗಲ್ಲ ಒರೆಸಿಕೊಂಡು ಗಂಭೀರವಾಗಿ ಹೇಳಿದ. "ಕುಡಿಲಿಕ್ಕೆ ಬರ್ತದೆ. ಚೆಲ್ಲಲಿಕ್ಕೆ ಬರುದಿಲ್ಲ. ಅದೇ ಕಷ್ಟ."

ಅವನ ಹೆಸರು ಶ್ರೀಶ. ಪುತ್ತೂರಿನ ನಾಟಕದ ಹುಡುಗ. ಅನಘಾಳ ಅಜ್ಜನ ಜೀವನವನ್ನೇ ಟೀವಿಯವರು ಧಾರಾವಾಹಿ ಮಾಡುತ್ತಿದ್ದರು, ಅದರಲ್ಲಿ ಅಜ್ಜನ ಪಾತ್ರ ಇವನದು. ಅಜ್ಜ ಎಂದರೆ ಹಾಸ್ಯನಟ ಕಲ್ಲುಗುಂಡಿ ಯಜ್ಞೇಶ್ವರ, ಜನರ ಬಾಯಲ್ಲಿ ಯಜ್ಞಣ್ಣ. ಕಪ್ಪುಬಿಳುಪು ಕಾಲದಲ್ಲಿ ಆ ಮುಖ ಪರದೆಗೆ ಬಂದರೆ ಸಾಕಿತ್ತು, ಜನ ನಗಲು ಶುರು. ಒಂದೊಂದು ಸಿನಿಮಾದಲ್ಲೂ ಅವರು ಲೋಟ ಎತ್ತಿ ನೀರು ಕುಡಿಯುವುದು, ಅದು ಮೂಗಿಗೂ ಅಂಗಿಗೂ ಹೋಗುವುದು ಇರಲೇಬೇಕು. ಅದಕ್ಕಾಗಿಯೇ ಟಿಕೇಟು ತೆಗೆದವರಿದ್ದರಂತೆ!

"ಈ ಕಡೆಯವರಿಗೆ ಸಣ್ಣಂದಿನಿಂದ ಎತ್ತಿ ಕುಡಿದೇ ಅಭ್ಯಾಸ. ನಿದ್ದೆಯಲ್ಲಿ ಕುಡಿದರೂ ಚೆಲ್ಲುದಿಲ್ಲ," ಎಂದ ಶ್ರೀಶ. "ಮತ್ತೆ ನಿಮ್ಮ ಅಜ್ಜನಿಗೆ ಹೇಗೆ ಅಷ್ಟು ಚಂದ ಚೆಲ್ಲಿತು?"

ಅವನು ಮೊಬೈಲು ಮುಂದೆ ಹಿಡಿದ. ಹನ್ನೊಂದು ಸಿನಿಮಾಗಳ ತುಣುಕುಗಳು. ಎಲ್ಲದರಲ್ಲೂ ನೀರು ಚೆಲ್ಲುವ ಮೊದಲು ಅಜ್ಜನ ಕಣ್ಣು ಒಂದು ಕ್ಷಣ ಎಡಕ್ಕೆ ಹೋಗುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ, ಒಂದು ಕಂಬ ಕೂಡ ಇರಲಿಲ್ಲ.

ಯಾರನ್ನು ನೋಡುತ್ತಿದ್ದರು ಅಜ್ಜ? ಎಷ್ಟು ಸಲ ನೋಡಿದ ಚಿತ್ರಗಳು... ತನಗೇಕೆ ಇದು ಕಾಣಲಿಲ್ಲ?

ಮರುದಿನವೂ ಅವನು ಬಂದ. ಅದರ ಮರುದಿನವೂ. ಅಜ್ಜ ಹೇಗೆ ನಡೆಯುತ್ತಿದ್ದರು, ಚಹಾ ಆರಿಸಲು ಎಷ್ಟು ಎತ್ತರದಿಂದ ಹೊಯ್ಯುತ್ತಿದ್ದರು ಎಂದು ಕೇಳಿದ. ಅನಘಾ ಮಾಡಿ ತೋರಿಸಿದಳು, ಅವನು ಕಲಿತ. ನೀರು ಮಾತ್ರ ಒಲಿಯಲಿಲ್ಲ. ಸುಳ್ಳು ಹೇಳಬಾರದು, ಆ ಒದ್ದೆ ಅಂಗಿ ಅವನಿಗೆ ಚೆನ್ನಾಗಿಯೇ ಒಪ್ಪುತ್ತಿತ್ತು. ಐದನೆಯ ದಿನ ಬಸ್ಸು ತಡವಾದಾಗ ಅನಘಾ ನಾಲ್ಕು ಸಲ ರಸ್ತೆಗೆ ಇಣುಕಿದಳು. ಐದನೆಯ ಸಲ ಇಣುಕುವಾಗ ತನಗೇ ನಾಚಿಕೆಯಾಯಿತು.

ಒಂದು ಮಾತನ್ನು ಅವಳು ಅವನಿಗೆ ಹೇಳಿರಲಿಲ್ಲ. ಆ ಕಾಲದ ಸಿನಿಮಾ ಪತ್ರಿಕೆಯೊಂದು, ಯಜ್ಞೇಶ್ವರ ಕುಡಿದು ಬರುತ್ತಾರೆ, ನೀರು ಚೆಲ್ಲುವುದು ನಟನೆಯಲ್ಲ, ಅಮಲು ಎಂದು ಬರೆದಿತ್ತು. ಹೆಂಡ ಮುಟ್ಟದ ಮನುಷ್ಯನಿಗೆ ಆ ಹೆಸರು ಅಂಟಿಕೊಂಡಿತು. ಶಾಲೆಯಲ್ಲಿ ಅನಘಾಳನ್ನೂ ಕುಡುಕನ ಮೊಮ್ಮಗಳು ಎಂದು ಕರೆದಿದ್ದರು. ಈ ಧಾರಾವಾಹಿಯಾದರೂ ಆ ಕಳಂಕ ತೊಳೆದೀತು ಎಂದು ಅವಳು ಕಾಯುತ್ತಿದ್ದಳು. ಅಜ್ಜಿ ಈಶ್ವರಿ ಧಾರಾವಾಹಿಗೆ ಒಪ್ಪಿಗೆಯೇನೋ ಕೊಟ್ಟಿದ್ದರು, ಆದರೆ ಈ ವಿಷಯ ಬಂದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದರು.

ಆರನೆಯ ದಿನ ಸಹಾಯಕ ನಿರ್ದೇಶಕ ಸುದರ್ಶನ ಚಹಾ ಕುಡಿದು ಹೋಗುವಾಗ ಕೆಲವು ಹಾಳೆಗಳನ್ನು ಮೇಜಿನ ಮೇಲೆ ಮರೆತ. ಅನಘಾ ಎತ್ತಿಕೊಂಡಳು.

'ಯಜ್ಞೇಶ್ವರ ಬಾಟಲಿ ಖಾಲಿ ಮಾಡುತ್ತಾನೆ. ಅಮಲಿನಲ್ಲಿ ಲೋಟ ಎತ್ತುತ್ತಾನೆ. ನೀರು ಚೆಲ್ಲುತ್ತದೆ.'

ಅವಳು ಮತ್ತೊಮ್ಮೆ ಓದಿದಳು. ಇದಕ್ಕೇ... ಇಷ್ಟು ದಿನ ಇದನ್ನು ಕಲಿಯಲಿಕ್ಕೇ ಬಂದದ್ದು ಅವನು!

ಶ್ರೀಶ ಬಂದಾಗ ಹಾಳೆಗಳನ್ನು ಅವನ ಮುಂದಿಟ್ಟಳು. "ಇದು ನಿಮಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಗೊತ್ತಿತ್ತು. ಅದಕ್ಕೇ ನಾನು..."

"ಸಾಕು. ನನ್ನ ಅಜ್ಜನ ಹೋಟೆಲಿನ ನೀರು ಕುಡಿದು ಅವರನ್ನೇ ಕುಡುಕ ಮಾಡ್ತೀರಲ್ಲ. ಇನ್ನು ಬರಬೇಡಿ."

ಅವನು ಲೋಟವನ್ನು ಮಗುಚಿಟ್ಟು ಹೊರಟುಹೋದ. ಆ ದಿನ ಅನಘಾ ಚಿಲ್ಲರೆ ಕೊಡುವಾಗ ಮೂರು ಸಲ ತಪ್ಪಿದಳು. ಸಿಟ್ಟು ನಿಜ, ಅದರ ಅಡಿಯಲ್ಲಿದ್ದ ನೋವು ಇನ್ನೂ ನಿಜ. ಅವಳು ಅವನನ್ನು ಪ್ರೀತಿಸಲು ಶುರು ಮಾಡಿಯಾಗಿತ್ತು.

ಎರಡು ದಿನ ಕಳೆಯಿತು. ಬೆಳಗ್ಗೆ ಅಜ್ಜಿ ಹೊರಗೆ ಬಂದು ಖಾಲಿ ಮೇಜು ನೋಡಿದರು.

"ಆ ಅಂಗಿ ಒದ್ದೆ ಮಾಡಿಕೊಳ್ಳುವ ಹುಡುಗ ಎಲ್ಲಿ?"

ಅನಘಾ ಎಲ್ಲವನ್ನೂ ಹೇಳಿದಳು. ಹಾಳೆಯ ವಿಷಯ, ಅವನು ತೋರಿಸಿದ ಎಡಗಡೆಯ ನೋಟದ ವಿಷಯ. ಅಜ್ಜಿ ಸಟ್ಟನೆ ಮುಖ ಎತ್ತಿದರು.

"ಎಡಕ್ಕೆ ನೋಡುದು ಅವನಿಗೆ ಕಂಡಿತಾ?"

"ಹನ್ನೊಂದು ಸಿನಿಮಾದಲ್ಲೂ ಕಂಡಿದ್ದಾರೆ."

ಎಂಬತ್ತನಾಲ್ಕರ ಈಶ್ವರಿ ಮೆಲ್ಲನೆ ಬೆಂಚಿನ ಮೇಲೆ ಕುಳಿತರು. "ನನ್ನನ್ನು ನೋಡ್ಲಿಕ್ಕೆ ಬಂದ ದಿನ ನೀರು ಕೊಟ್ಟದ್ದು ನಾನೇ. ಕೊಟ್ಟು ಎಡದ ಬಾಗಿಲ ಹತ್ತಿರ ನಿಂತೆ. ಅವರು ಲೋಟ ಎತ್ತಿದರು, ಕಣ್ಣು ನನ್ನ ಮೇಲೆ. ನೀರು ಮೂಗಿಗೆ, ಅಂಗಿಗೆ, ಪಕ್ಕದಲ್ಲಿ ಕೂತ ನನ್ನಪ್ಪನ ಪಂಚೆಗೆ..."

ಅಜ್ಜಿ ನಗುತ್ತಿದ್ದರು, ಕಣ್ಣು ತುಂಬಿತ್ತು.

"ಸಿನಿಮಾದಲ್ಲಿ ಮಾಡಿದಾಗಲೆಲ್ಲ ಕಾಗದ ಬರೀತಿದ್ದರು. ಈ ಸಲವೂ ನಿನ್ನನ್ನು ನೋಡಿದೆ ಅಂತ. ಊರಿಗೆಲ್ಲ ನಗು ಕೊಟ್ಟವರು, ಇದೊಂದು ನನಗೆ ಮಾತ್ರ ಇರಲಿ ಅಂತ ಬಾಯಿ ಬಿಡಲಿಲ್ಲ ಮಗಾ. ಅವರೂ ಬಿಡಲಿಲ್ಲ. ಕುಡುಕ ಅಂತ ಬರೆದಾಗ ಹೇಳಬೇಕಿತ್ತು. ಜೀಪು ಕರಿ, ಸುಳ್ಯಕ್ಕೆ ಹೋಗುವ."

ಸುಳ್ಯದ ಸಭಾಭವನದಲ್ಲಿ ಹಳೆಯ ಮನೆಯ ಸೆಟ್ಟು ಹಾಕಿದ್ದರು. ಒಳಗೆ ದೀಪಗಳೆಲ್ಲ ಉರಿಯುತ್ತಿದ್ದವು, ಕೆಲಸ ಮಾತ್ರ ನಿಂತಿತ್ತು. ಅಜ್ಜನ ಹಾಗೆ ಪಂಚೆ ಉಟ್ಟ ಶ್ರೀಶ ಕೈಕಟ್ಟಿ ಕುಳಿತಿದ್ದ. ಎದುರಿಗೆ ಮುಟ್ಟದ ಬಾಟಲಿ.

ಸುದರ್ಶನ ಅನಘಾಳ ಬಳಿ ಪಿಸುಗುಟ್ಟಿದ. ಬೆಳಗ್ಗಿನಿಂದ ಬಾಟಲಿ ಮುಟ್ಟುವುದಿಲ್ಲ ಎಂದು ಕೂತಿದ್ದಾನಂತೆ. ಚೆಲ್ಲಿದ್ದಕ್ಕೆ ಬೇರೆ ಕಾರಣ ಇರಲೇಬೇಕು, ಹುಡುಕಿ ತರುತ್ತೇನೆ ಎಂದು ಒಂದು ವಾರದ ಸಮಯ ಕೇಳಿಕೊಂಡಿದ್ದನಂತೆ. ವಾರ ಮುಗಿದಿತ್ತು. ಸಂಜೆ ಮಂಗಳೂರಿನಿಂದ ಬೇರೆ ನಟ ಬರುವವನಿದ್ದ.

ಅನಘಾಳಿಗೆ ಅಳು ಬಂತು. 'ಅದಕ್ಕೇ ನಾನು...' ಎಂದಿದ್ದನಲ್ಲ. ತಾನು ಆ ಮಾತು ಮುಗಿಸಲು ಬಿಡಲೇ ಇಲ್ಲ.

ಅಜ್ಜಿ ನಿರ್ದೇಶಕರ ಎದುರು ನಿಂತು, ಅರವತ್ತು ವರ್ಷ ಬಚ್ಚಿಟ್ಟದ್ದನ್ನು ಐದು ನಿಮಿಷದಲ್ಲಿ ಹೇಳಿ ಮುಗಿಸಿದರು. ನಿರ್ದೇಶಕರು ತಾವೇ ಬಾಟಲಿಯನ್ನು ತೆಗೆದು ಕೆಳಗಿಟ್ಟು, ಒಂದು ಸಲ ಮಾಡಿ ನೋಡೋಣ ಎಂದರು.

"ಹಾಗಾದರೆ ಇವಳು ಅಲ್ಲಿ ನಿಲ್ಲಲಿ," ಎಂದು ಅಜ್ಜಿ ಮೊಮ್ಮಗಳನ್ನು ಎಡಕ್ಕೆ, ಕ್ಯಾಮೆರಾಕ್ಕೆ ಕಾಣದ ಕಡೆ ತಳ್ಳಿದರು. "ನಾನು ಆಗ ಹೀಗೇ ಇದ್ದೆ."

ಶ್ರೀಶ ಲೋಟ ಎತ್ತಿದ. ಕಣ್ಣು ಎಡಕ್ಕೆ ಹೋಯಿತು. ಅಲ್ಲಿ ಅನಘಾ, ಅಳು ಆರದ ಮುಖದಲ್ಲಿ, ತಪ್ಪಾಯಿತು ಎಂದು ತುಟಿಯಲ್ಲೇ ಹೇಳುತ್ತಿದ್ದಳು.

ನೀರು ಮೂಗಿಗೆ ಹೋಯಿತು. ಕೆಮ್ಮು ಬಂತು. ಉಳಿದದ್ದು ಕಿವಿ, ಕೊರಳು, ಪಂಚೆ ಎಲ್ಲ ಕಡೆ ಹರಿಯಿತು. ಲೈಟು ಹಿಡಿದವನೂ ನಕ್ಕ, ನಿರ್ದೇಶಕರೂ ನಕ್ಕರು. ಅಜ್ಜಿ ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಹೀಗೇ... ಹೀಗೇ ಚೆಲ್ಲಿದ್ದು, ಎನ್ನುತ್ತಿದ್ದರು.

ಮರುದಿನ ಸಂಜೆ ಶ್ರೀಶ ಕಲ್ಲುಗುಂಡಿಯಲ್ಲಿ ಬಸ್ಸಿಳಿದ. ಮೂಲೆಯ ಮೇಜಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತು ನೀರು ತುಂಬಿಸಿಕೊಂಡ. ಒಂದು ಹನಿ ಚೆಲ್ಲದೆ ಕುಡಿದ.

ಅನಘಾ ಬಂದು ಹಿಂದೆ ನಿಂತಳು. "ಗೋಡೆ ನೋಡಿ ಯಾಕೆ ಕುಡಿಯುದು? ಸಿಟ್ಟು ಇನ್ನೂ ಉಂಟಾ?"

"ಸಿಟ್ಟಲ್ಲ. ನಿಮ್ಮನ್ನು ನೋಡಿಕೊಂಡು ಕುಡಿಲಿಕ್ಕೆ ನನಗೆ ಇನ್ನು ಬರುದಿಲ್ಲ. ಇವತ್ತು ಇರುವುದು ಒಂದೇ ಅಂಗಿ."

ಅವಳು ಒಳಗೆ ಹೋದಳು. ಒಗೆದು ಮಡಚಿಟ್ಟಿದ್ದ ಅಜ್ಜನ ಮೈ ಒರೆಸುವ ಬೈರಾಸನ್ನು ತಂದು ಅವನ ಹೆಗಲ ಮೇಲೆ ಹಾಕಿದಳು. ಜಗ್ಗು ಎತ್ತಿ, ಲೋಟವನ್ನು ಅಂಚಿನವರೆಗೂ ತುಂಬಿಸಿದಳು.

"ಈಚೆ ತಿರುಗಿ ಕುಡಿಯಿರಿ."