ಹಲ್ಲಿ ಒಪ್ಪದ ಮಾತು

ಬಹಳ ಬಹಳ ಹಿಂದೆ, ನಿಮ್ಮ ಅಜ್ಜಿಯ ಅಜ್ಜಿಗೂ ಹಾಲುಹಲ್ಲು ಮೂಡುವ ಮುಂಚೆ, ಮುತ್ತುಗಪುರ ಎಂಬ ರಾಜ್ಯವಿತ್ತು. ಅದು ನೆಲದ ಮೇಲಿರಲಿಲ್ಲ, ಒಂದು ಆಮೆಯ ಬೆನ್ನ ಮೇಲಿತ್ತು. ದೊಡ್ಡ ಸರೋವರದ ನಡುವೆ ಸಾವಿರ ವರ್ಷದಿಂದ ಮಲಗಿದ್ದ ಆಮೆ ಅದು. ಜನ ಅದರ ಬೆನ್ನ ಮೇಲೆ ಮನೆ ಕಟ್ಟಿದರು, ಮದುವೆ ಮಾಡಿದರು, ಬೇಲಿಗಾಗಿ ಜಗಳವಾಡಿದರು. ಕೆಳಗೊಂದು ಜೀವ ಇದೆ ಎಂಬುದನ್ನೇ ಮರೆತರು.

ಮುದಿರಾಜ ತೀರಿಕೊಂಡು, ಅವನ ಹತ್ತೊಂಬತ್ತರ ಮಗಳು ಚೆಲುವಾಜಿ ಪಟ್ಟಕ್ಕೆ ಕೂತ ದಿನವೇ ಆಮೆ ಕಣ್ಣು ಬಿಟ್ಟಿತು.

"ತಾಯಿ, ನನ್ನ ನಿದ್ದೆ ಮುಗೀತು. ಮೈಯೆಲ್ಲ ಒಣಗಿದೆ. ಒಂಬತ್ತನೇ ದಿನ ಹೊತ್ತು ಮುಳುಗಿದಾಗ ನೀರಿಗಿಳೀತೀನಿ. ಅಷ್ಟರಲ್ಲಿ ನಿನ್ನ ಜನರನ್ನ ಆಚೆ ದಡಕ್ಕೆ ದಾಟಿಸ್ಕೋ. ಕತ್ತು ಚಾಚಿ ಕೊಡ್ತೀನಿ, ಅದರ ಮೇಲೆ ನಡ್ಕೊಂಡು ಹೋಗಿ."

ಆಮೆಯದು ತಪ್ಪೇನಿಲ್ಲ, ಸಾವಿರ ವರ್ಷ ಹೊತ್ತದ್ದೇ ಹೆಚ್ಚು. ತಪ್ಪು ಇದ್ದದ್ದು ಆಸ್ಥಾನದ ಗೋಡೆಯ ಮೇಲೆ.

ಅಲ್ಲಿ ಮೊಸಳೆಯಷ್ಟು ದೊಡ್ಡ ಹಲ್ಲಿಯೊಂದಿತ್ತು. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ಆ ಮಾತು ನಿಜ ಎಂದು ನಾವೂ ನೀವೂ ಅನ್ನುವುದುಂಟಲ್ಲ? ಈ ಹಲ್ಲಿ ಲೊಚಗುಟ್ಟಿದರೆ ಮಾತು ಅಲ್ಲೇ, ಆಗಲೇ ನಿಜವಾಗಿಬಿಡುತ್ತಿತ್ತು. ಅದನ್ನು ಮರಿಯಿಂದ ಸಾಕಿದವನು ಕಂಟಕಾಕ್ಷನೆಂಬ ಮಂತ್ರವಾದಿ. ಯಾರಾದರೂ 'ಆಗಲ್ಲ' ಅಂದಾಗ ಮಾತ್ರ ಲೊಚಗುಟ್ಟಬೇಕೆಂದು ಅವನು ಅದಕ್ಕೆ ಕಲಿಸಿದ್ದ. ಜನರೆಲ್ಲ ಮುಳುಗಿ ಸತ್ತರೆ ಅವರ ಆಯಸ್ಸು ತನಗೆ ಬರುತ್ತದೆ ಎಂಬ ದುರಾಸೆ ಆ ಪಾಪಿಗೆ.

ಚೆಲುವಾಜಿ ಊರನ್ನು ಆಸ್ಥಾನದಲ್ಲಿ ಸೇರಿಸಿ ಸಂಗತಿ ಹೇಳಿದಳು. ಊರ ಯಜಮಾನ ಬೊಮ್ಮಶೆಟ್ಟಿ ಎದ್ದು ನಿಂತ.

"ಹುಟ್ಟಿದ ಮನೆ ಬಿಟ್ಟು ಹೋಗೋದು ನಮ್ಮ ಕೈಲಿ ಆಗಲ್ಲ ತಾಯಿ."

ಲೊಚ್ ಲೊಚ್ ಲೊಚ್!

ಅಷ್ಟೇ, ಜನರ ಕಾಲು ಒರಳುಕಲ್ಲಿನಷ್ಟು ಭಾರವಾದವು. ಮನೆಗೆ ಹೋಗಿ ಉಣ್ಣಲು ಏಳುತ್ತಿದ್ದವು, ಊರು ದಾಟಲು ಏಳುತ್ತಿರಲಿಲ್ಲ.

ಚೆಲುವಾಜಿಯನ್ನು ಎತ್ತಿ ಆಡಿಸಿದ ದಾದಿ ಸಾಕವ್ವ ಬಚ್ಚಲಿನ ಹಂಡೆ ತೋರಿಸಿದಳು. "ಬೆಳಗ್ಗೆ ಎದ್ದು, ಯಾರ ಮುಖ ನೋಡೋಕೂ ಮುಂಚೆ, ಈ ಖಾಲಿ ಹಂಡೆಯೊಳಗೆ ತಲೆಯಿಟ್ಟು ನಿನ್ನ ಮಾತು ಮೂರು ಸಲ ಹೇಳ್ಕೋ ಮಗಳೇ. ದಿನಾ ಹೇಳ್ಕೋ. ಮೊದಲು ನಿನ್ನ ಕಿವಿಗೆ ಬೀಳಲಿ, ಆಮೇಲೆ ಊರಿನ ಕಿವಿಗೆ."

ಚೆಲುವಾಜಿ ಹಂಡೆಯೊಳಗೆ ಕೂಗಿದಳು: "ನನಗೆ ಭಯವೇ ಇಲ್ಲ. ನಾನು ಸಿಂಹಿಣಿ!" ಹಂಡೆ ಅದನ್ನೇ ಗುಡುಗಿತು. ಕೇಳಲು ಬಲು ಚೆನ್ನಾಗಿತ್ತು.

ಮೂರನೇ ದಿನ ಆಸ್ಥಾನದಲ್ಲಿ ನಿಂತು ಅದನ್ನೇ ಅಂದಳು. ಕಂಟಕಾಕ್ಷ ಹುಬ್ಬೇರಿಸಿ "ಹೌದಾ?" ಎಂದ, ಅಷ್ಟೇ. ರಾಣಿಯ ಮಂಡಿ ಗಡಗಡ ನಡುಗಿತು, ಸೀರೆಯ ನೆರಿಗೆಯೂ ನಡುಗಿತು. ಜನ ಬಾಯಿ ಮುಚ್ಚಿಕೊಂಡು ನಕ್ಕರು. ಬೊಮ್ಮಶೆಟ್ಟಿ "ಆಗಲ್ಲ" ಅಂದ, ಹಲ್ಲಿ ಲೊಚಗುಟ್ಟಿತು.

ಆ ಹುಡುಗಿ ಹಂಡೆಯೊಳಗೆ ತಲೆಯಿಟ್ಟು ಅತ್ತಳು. ಅಳುವೂ ಹಂಡೆಯಲ್ಲಿ ದೊಡ್ಡದಾಗಿಯೇ ಕೇಳಿಸಿತು.

"ಸಾಕು ನಿಲ್ಲಿಸೇ," ಎಂದಳು ಸಾಕವ್ವ. "ಸಿಂಹಿಣಿಯಂತೆ! ನಿನ್ನ ಮಂಡಿಗೆ ನಿಜ ಗೊತ್ತಿಲ್ವಾ? ಇದ್ದದ್ದು ಹೇಳ್ಕೋ. ಇದ್ದದ್ದನ್ನೇ ಜೋರಾಗಿ ಹೇಳ್ಕೋ."

ಮರುದಿನದಿಂದ ಮಾತು ಬದಲಾಯಿತು: "ನನಗೆ ಭಯ ಇದೆ. ಆದರೂ ಮುಂದೆ ನಡೀತೀನಿ."

ಆರನೇ ದಿನ ದಾರಿ ನೋಡಿ ಬರಲು ಒಬ್ಬಳೇ ಆಮೆಯ ಕತ್ತಿನ ಮೇಲೆ ಹೊರಟಳು. ನಡುದಾರಿಯಲ್ಲಿ ಮಂತ್ರವಾದಿ ನಿಲ್ಲಿಸಿದ್ದ ಮೂರು ಬಾಯಿಯ ಕಿರುಬ ಅಡ್ಡ ಬಂತು.

"ನೀನು ಹೆಣ್ಣು!" ಎಂದಿತು ಮೊದಲ ಬಾಯಿ.

"ಹೌದು. ಆದರೂ ಬಂದೆ."

"ನೀನು ನಿನ್ನೆ ಮೊನ್ನೆ ಪಟ್ಟಕ್ಕೆ ಕೂತವಳು!" ಎಂದಿತು ಎರಡನೆಯದು.

"ಹೌದು. ಆದರೂ ಬಂದೆ."

"ನಿನ್ನ ಹಿಂದೆ ಯಾರೂ ಇಲ್ಲ!" ಎಂದಿತು ಮೂರನೆಯದು.

ಇದು ಎದೆಗೆ ನಾಟಿತು. ಚೆಲುವಾಜಿ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಕಣ್ಣೊರೆಸಿಕೊಂಡು, "ಹೌದು ಕಣೋ, ಆದರೂ ಬಂದೆ. ದಾರಿ ಬಿಡು!" ಎಂದಳು. ಹೌದು ಅಂದವಳನ್ನು ಇನ್ನೇನೆಂದು ಹೆದರಿಸುವುದು? ಕಿರುಬದ ಮೂರೂ ಬಾಯಿ ಮುಚ್ಚಿದವು, ಅದು ಬದಿಗೆ ಸರಿಯಿತು.

ಆಚೆ ದಡದಿಂದ ಅವಳು ಒಂದು ಹಿಡಿ ಮಣ್ಣು ತಂದಳು. ಆಸ್ಥಾನದಲ್ಲಿ ಬೊಮ್ಮಶೆಟ್ಟಿ ಅದನ್ನು ಮೂಸಿ ನೋಡಿ, "ಮಣ್ಣೇನೋ ಚೆನ್ನಾಗಿದೆ. ಆದ್ರೂ ಆಗಲ್ಲ," ಎಂದ. ಲೊಚ್ ಲೊಚ್ ಲೊಚ್! ಈ ಮನುಷ್ಯನಿಗೆ ಏನನ್ನಬೇಕು ನೀವೇ ಹೇಳಿ.

ಒಂಬತ್ತನೇ ದಿನ ಬಂತು. ಆಮೆ ಕಾಲು ಆಡಿಸುತ್ತಿತ್ತು, ಅಟ್ಟದ ಮೇಲಿನ ಪಾತ್ರೆಗಳು ಉರುಳುತ್ತಿದ್ದವು. ತುಂಬಿದ ಆಸ್ಥಾನದಲ್ಲಿ ಚೆಲುವಾಜಿ ನಿಂತಳು.

"ನನಗೆ ಭಯ ಇದೆ," ಎಂದಳು. "ಅಲ್ಲಿ ಏನಿದೆ ಅಂತ ಪೂರ್ತಿ ಗೊತ್ತಿಲ್ಲ. ಆದರೂ ನಿಮ್ಮನ್ನ ದಾಟಿಸ್ತೀನಿ."

ಎಲ್ಲರೂ ಕತ್ತೆತ್ತಿ ಹಲ್ಲಿಯನ್ನು ನೋಡಿದರು. ಹಲ್ಲಿ ಸುಮ್ಮನಿತ್ತು.

ಕಂಟಕಾಕ್ಷ ನಕ್ಕ. "ಹಲ್ಲಿ ಒಪ್ಪಲಿಲ್ಲವಲ್ಲ ರಾಣಿ?"

"ಅದನ್ನ ಕೇಳಿದೋರು ಯಾರು?" ಎಂದಳು ಚೆಲುವಾಜಿ. "ನಾನು ಮಾತು ಕೊಟ್ಟಿದ್ದು ನನ್ನ ಜನಕ್ಕೆ, ಗೋಡೆಗಲ್ಲ. ಹಲ್ಲಿ ನುಡೀಲಿ, ಬಿಡಲಿ, ನಾನು ಹೊರಟೆ!"

ಹಲ್ಲಿಗೆ ಬೆನ್ನು ಹಾಕಿ ಬಾಗಿಲ ಕಡೆ ನಡೆದಳು. ಆ ರಾಜ್ಯದಲ್ಲಿ ಹಾಗೆ ಬೆನ್ನು ಹಾಕಿದವರು ಯಾರೂ ಇರಲಿಲ್ಲ.

ಆಗ ಜನರ ನಡುವಿನಿಂದ ಸದ್ದೊಂದು ಬಂತು. ಲೊಚ್ ಲೊಚ್ ಲೊಚ್! ಹಲ್ಲಿಯದಲ್ಲ. ಸಾಕವ್ವ ಬೊಚ್ಚುಬಾಯಲ್ಲಿ ನಾಲಿಗೆ ಲೊಚಗುಟ್ಟಿದ್ದಳು. ಪಕ್ಕದಲ್ಲಿದ್ದ ಅಗಸರ ಹೆಂಗಸು ಕಿಸಕ್ಕನೆ ನಕ್ಕು ತಾನೂ ಲೊಚಗುಟ್ಟಿದಳು. ಕುಂಬಾರರು, ಗಾಣಿಗರು, ಕಾವಲಿನವರು, ಕೊನೆಗೆ ನಾಚಿಕೊಳ್ಳುತ್ತ ಬೊಮ್ಮಶೆಟ್ಟಿ. ಸಾವಿರ ನಾಲಿಗೆ ಒಟ್ಟಿಗೆ ರಾಣಿಯ ಮಾತಿಗೆ ಲೊಚಗುಟ್ಟಿದವು! ಜನರ ಕಾಲು ಹಗುರವಾದವು. ಮಕ್ಕಳನ್ನು ಹೆಗಲಿಗೇರಿಸಿ, ಕೋಳಿಗಳನ್ನು ಕಂಕುಳಲ್ಲಿಟ್ಟು ಎಲ್ಲರೂ ಅವಳ ಹಿಂದೆ ನಡೆದರು.

ಕಂಟಕಾಕ್ಷನೂ ಓಡಲು ನೋಡಿದ. ಗಾಬರಿಯಲ್ಲಿ ತನ್ನ ಶಾಲನ್ನೇ ತುಳಿದು ಎಡವಿ ಬಿದ್ದ.

"ಅಯ್ಯೋ, ಏಳೋಕೆ ಆಗಲ್ಲ!" ಎಂದು ಕೂಗಿದ.

ಲೊಚ್ ಲೊಚ್ ಲೊಚ್! ಎಂದಿತು ಹಲ್ಲಿ, ಕಲಿಸಿದ ಹಾಗೆಯೇ.

ಹೊತ್ತು ಮುಳುಗುವಾಗ ಆಮೆ ನೀರಿಗಿಳಿಯಿತು. ಅರಮನೆ, ಹಲ್ಲಿ, ಮಂತ್ರವಾದಿ ಎಲ್ಲ ಅದರ ಜೊತೆ ಹೋದರು. ದಡದಲ್ಲಿ ನಿಂತ ಜನ ಮುಳುಗಿದ ತಮ್ಮ ಮನೆಗಳಿಗಾಗಿ ಅತ್ತರು. ಚೆಲುವಾಜಿಯೂ ಅವರ ನಡುವೆ ಕೂತು ಅತ್ತಳು, ಅಪ್ಪನ ಮನೆಯೂ ಅಲ್ಲೇ ಇತ್ತಲ್ಲ.

ಬೊಮ್ಮಶೆಟ್ಟಿ ಮೂಗೊರೆಸಿಕೊಂಡು ಬಂದ. "ತಾಯಿ, ಈಗೇನು ಮಾಡೋದು?"

"ಹಸಿವಾಗಿದೆ ಯಜಮಾನ್ರೇ. ಒಲೆಗೆ ಮೂರು ಕಲ್ಲು ಹುಡುಕಿ," ಎಂದು ರಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಆ ಒಲೆಯ ಸುತ್ತ ಬೀದಿಗಳಾದವು, ಬೀದಿಗಳಲ್ಲಿ ತೊಟ್ಟಿಲು ತೂಗಿದವು, ಎಲ್ಲರೂ ಹೊಟ್ಟೆ ತುಂಬ ಉಂಡು ನೂರ್ಕಾಲ ನಗುನಗುತ್ತ ಬಾಳಿದರು. ಹೀಗೆಲ್ಲ ಆಗಲ್ಲ ಅನ್ನುವವರು ಯಾರಾದರೂ ಇದ್ದರೆ ನನ್ನೆದುರು ಬಂದು ಹೇಳಲಿ!