ಹಸಿಮರದ ಸೌಟು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಹಾಲಿನವನು ಎಂದಿನಂತೆ ಎರಡು ಪ್ಯಾಕೆಟ್ ಇಟ್ಟುಹೋಗಿದ್ದ. ಇನ್ನು ಒಂದೇ ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಎರಡನೆಯದನ್ನು ಫ್ರೀಜರಿನಲ್ಲಿಡಲು ಹೋದೆ. ಜಾಗವಿರಲಿಲ್ಲ. ಐಸ್ ಟ್ರೇ ಹಿಂದೆ ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದ ಉದ್ದನೆಯ ಗಂಟೊಂದು ಮಲಗಿತ್ತು.

ನನ್ನ ಗಂಡ ಅರ್ಧ ಕೆತ್ತಿಟ್ಟ ಸೌಟು. ಹಸಿಮರ ಕೆತ್ತುವವರು ಕೆಲಸ ನಡುವೆ ನಿಲ್ಲಿಸಿದರೆ ಹೀಗೆ ಇಡುತ್ತಾರೆ. ಹೊರಗೆ ಬಿಟ್ಟರೆ ಮರ ಒಣಗಿ ಸೀಳುತ್ತದೆ. ತಣ್ಣಗೆ, ಒದ್ದೆಯಾಗಿ ಇದ್ದರೆ ಎಷ್ಟು ದಿನವಾದರೂ ಕಾಯುತ್ತದೆ.

"ಅಷ್ಟೊತ್ತು ಬಾಗಿಲು ತೆಗೆದು ನಿಲ್ಲಬೇಡ ಕಣೇ, ಫ್ರಿಜ್ಜಿಗೆ ಸೆಕೆ ಆಗುತ್ತೆ," ಎಂದರು ಅತ್ತೆ.

ಅದು ಅವರ ಮಗ ಹೇಳುತ್ತಿದ್ದ ಮಾತು. ಹೇಳಿದ ಮೇಲೆ ಅವರಿಗೂ ಅದು ತಿಳಿಯಿತು. ನಾನು ಬಾಗಿಲು ಮುಚ್ಚಿದೆ.

ಅವನನ್ನು ನೋಡುವ ಮೊದಲು ನಾನು ಅವನ ದನಿ ಕೇಳಿದ್ದೆ. ಕಾಲೇಜಿನ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತ್ತು. ಒಳಗೆ ನಾನೊಬ್ಬಳೇ. ತಲೆಯ ಮೇಲಿನಿಂದ ರಿಪೇರಿಗೆ ಬಂದವನ ದನಿ ಬಂತು.

"ಮೇಡಂ, ಹೆದರಿಕೊಂಡಿದ್ದೀರಾ?"

"ಇಲ್ಲ. ಕ್ಲಾಸಿಗೆ ಲೇಟಾಗಿದೆ."

"ಏನು ಪಾಠ?"

"ಇತಿಹಾಸ."

"ಓ, ಆಗಿಹೋಗಿರೋದಲ್ವಾ? ಹಾಗಾದ್ರೆ ಅವಸರ ಏನಿಲ್ಲ."

ಬಾಗಿಲು ತೆರೆದಾಗ ಗ್ರೀಸ್ ಮೆತ್ತಿದ ಕೈಯೊಂದು ಚಾಚಿಕೊಂಡಿತ್ತು. ಹಿಡಿಯಲು ಹಿಂಜರಿದೆ. ಅವನು ಕೈಯನ್ನು ತಿರುಗಿಸಿ, ಕೊಳೆಯಾಗದ ಮಣಿಕಟ್ಟನ್ನು ಒಡ್ಡಿದ. ಅದನ್ನು ಹಿಡಿದು ಮೇಲೆ ಬಂದೆ. ಆ ತಿಂಗಳು ಲಿಫ್ಟ್ ಇನ್ನೊಮ್ಮೆ ಕೆಟ್ಟಿತು. ಆ ಎರಡನೆಯ ಸಲ ಅದು ಕೆಟ್ಟೇ ಇರಲಿಲ್ಲ, ತಾನೇ ನಿಲ್ಲಿಸಿದ್ದು ಎಂದು ಮದುವೆಯಾದ ಮೇಲೆ ಒಪ್ಪಿಕೊಂಡ.

ಕೊನೆಯವರೆಗೂ ನನ್ನನ್ನು ಮೇಡಂ ಎಂದೇ ಕರೆದ. ನಾನು ಅವನನ್ನು ಮೇಸ್ತ್ರಿ ಎನ್ನುತ್ತಿದ್ದೆ.

ದಿನವಿಡೀ ಕಬ್ಬಿಣ ಮುಟ್ಟಿದ ಕೈಗೆ ಸಂಜೆ ಮರ ಬೇಕಾಗುತ್ತಿತ್ತು. ರಸ್ತೆ ಬದಿ ಕಡಿದು ಹಾಕಿದ ಕೊಂಬೆಗಳನ್ನು ಹೊತ್ತು ತರುತ್ತಿದ್ದ. ಬಾಲ್ಕನಿಯ ತುಂಬ ಚಕ್ಕೆ. ನನ್ನ ಪುಸ್ತಕದ ಹಾಳೆಗಳ ನಡುವೆಯೂ ಚಕ್ಕೆ.

"ಎಲ್ಲ ಬಿಟ್ಟ ಮಗ ಭಂಗಿ ನೆಟ್ಟ ಅಂದ ಹಾಗಾಯ್ತು. ಅಂಗಡೀಲಿ ಸೌಟು ಸಿಗಲ್ವೇನೋ?" ಎಂದು ಅತ್ತೆ ಬಂದಾಗಲೆಲ್ಲ ಕೇಳುತ್ತಿದ್ದರು. ಅವರು ಆಗ ಮಗಳ ಮನೆಯಲ್ಲಿದ್ದರು.

"ಸಿಗುತ್ತಮ್ಮ. ಆದ್ರೆ ಅಂಗಡಿ ಸೌಟಿಗೆ ನೀನು ಯಾರು ಅಂತ ಗೊತ್ತಿರಲ್ಲ."

ಬೆಳಗ್ಗೆ ನಾನು ಚಹಾ ಕಲಕುವಾಗ ಎದುರು ಕೂತು ನೋಡುತ್ತಿದ್ದ. ಮುಖವನ್ನಲ್ಲ.

"ಏನು ನೋಡ್ತಿದ್ದೀಯ, ಮೇಸ್ತ್ರಿ?"

"ನಿನ್ನ ಹೆಬ್ಬೆರಳು."

"ಮದುವೆಗೆ ಮುಂಚೆ ಕಣ್ಣು ನೋಡ್ತಿದ್ದೆ."

"ಕಣ್ಣು ಬಾಯಿಪಾಠ ಆಗಿದೆ, ಮೇಡಂ. ಈಗ ಮುಂದಿನ ಪಾಠ."

ನಾನು ಮುನಿಸು ತೋರಿಸುತ್ತಿದ್ದೆ. ಅವನು ಚಹಾ ಆರುವ ತನಕ ನೋಡುತ್ತಲೇ ಇರುತ್ತಿದ್ದ.

ಒಂದು ಭಾನುವಾರ ಸೌಟಿನ ಬಟ್ಟಲು ತೋಡಲು ಕಣ್ಣಿನ ಡಾಕ್ಟರಮ್ಮನಿಂದ ಕೊಕ್ಕೆಚಾಕು ಎರವಲು ತಂದ. ತುದಿ ಬೆಕ್ಕಿನ ಉಗುರಿನಂತೆ ಬಾಗಿದ ಚಿಕ್ಕ ಚಾಕು. ಡಾಕ್ಟರಮ್ಮನಿಗೂ ಇದೇ ಹುಚ್ಚು. ಭಾನುವಾರ ಅವರ ಮನೆಯ ಮಹಡಿಯಲ್ಲಿ ನಾಲ್ಕು ಜನ ಕೂತು ಕೆತ್ತುತ್ತಿದ್ದರು. ಅದೇ ವಾರ, ಕೆಲಸಕ್ಕೆ ಹೊರಟವನು ಬಸ್ ಸ್ಟಾಪಿನಲ್ಲಿ ಕುಸಿದ. ಹೃದಯಾಘಾತ ಎಂದರು. ಚಾಕು ಕರವಸ್ತ್ರದಲ್ಲಿ ಸುತ್ತಿ ಬಾಲ್ಕನಿಯ ಗೂಡಿನಲ್ಲಿತ್ತು.

"ಎರವಲು ತಂದದ್ದು ಮನೇಲಿ ಇರಬಾರದು. ಕೊಟ್ಟು ಬಾ," ಎಂದರು ಅತ್ತೆ, ನಾನು ಫ್ರೀಜರ್ ಮುಚ್ಚಿದ ಆ ಬೆಳಗ್ಗೆ.

"ನಾಳೆ ಕೊಡ್ತೀನಿ."

ಕೊಡುವ ಮನಸ್ಸಿರಲಿಲ್ಲ. ಚಾಕು ಗೂಡಿನಲ್ಲಿರುವ ತನಕ, ಸೌಟು ಫ್ರೀಜರಿನಲ್ಲಿರುವ ತನಕ, ಕೆಲಸ ಇನ್ನೂ ನಡುವೆಯೇ ಇತ್ತು. ನಡುವೆ ಇರುವ ಕೆಲಸಕ್ಕೆ ಮಾಡುವವನು ವಾಪಸ್ ಬರಬೇಕಾಗುತ್ತದೆ. ಇದು ಬುದ್ಧಿಯ ಮಾತಲ್ಲ ಎಂದು ನನಗೂ ಗೊತ್ತಿತ್ತು. ಕಾಲೇಜಿಗೆ ಹೋದೆ, ಪಾಠ ಮಾಡಿದೆ, ಯಾರೋ ಕೊಟ್ಟ ಬಿಸ್ಕತ್ತು ತಿಂದೆ.

ಸಂಜೆ ಬಂದಾಗ ಅಡುಗೆಮನೆಯ ನೆಲ ತೊಳೆದಿತ್ತು. ಫ್ರಿಜ್ ಬಾಗಿಲು ತೆರೆದು ನಿಂತಿತ್ತು. ಸುತ್ತಿದ್ದ ಬಟ್ಟೆ ಒಗೆದು ಹಗ್ಗದ ಮೇಲೆ ಹಾರಾಡುತ್ತಿತ್ತು. ಕಿಟಕಿಯ ಕಟ್ಟೆಯ ಮೇಲೆ, ಬಿಸಿಲಿನಲ್ಲಿ, ಸೌಟು.

ಬಟ್ಟಲಿನ ತುದಿಯಲ್ಲಿ ಕೂದಲೆಳೆಯಂಥ ಬಿರುಕು.

"ಅತ್ತೆ, ಇದನ್ನ ಯಾರು ಮುಟ್ಟು ಅಂದ್ರು ನಿಮಗೆ?"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅತ್ತೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚಿದರು, ಬಿಚ್ಚಿದರು.

"ಐಸ್ ಕಟ್ಟಿತ್ತು, ಫ್ರಿಜ್ ತೊಳೆಯೋಣ ಅಂತ ತೆಗೆದೆ. ಇದು ಒದ್ದೆ ಮುದ್ದೆಯಾಗಿತ್ತು. ಅವನ ಕೈಯದು ಕೊಳೆತುಹೋಗುತ್ತಲ್ಲ ಅಂತ ಬಿಸಿಲಿಗಿಟ್ಟೆ." ಬಟ್ಟೆಯನ್ನು ಮತ್ತೆ ಮಡಚಿದರು. "ಹೆತ್ತವಳು ಕಣೇ. ನನಗೂ ಏನಾದ್ರೂ ಒಂದು ಕಾಪಾಡಬೇಕು ಅನ್ನಿಸ್ತು."

ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

"ಬಿರುಕು ಎಲ್ಲಿ ಬಿಟ್ಟಿದೆ?" ರೋಗಿಯನ್ನು ಕೇಳುವ ಹಾಗೆಯೇ ಕೇಳಿದರು.

"ತುದೀಲಿ."

"ಪೆನ್ಸಿಲ್ ಗೆರೆಯ ಒಳಗೋ ಹೊರಗೋ?"

ದೀಪದ ಕೆಳಗೆ ಹಿಡಿದು ನೋಡಿದೆ. ಸೌಟಿನ ಆಕಾರಕ್ಕೆ ಅವನು ಎಳೆದ, ಮಾಸಿದ ಗೆರೆಯೊಂದಿತ್ತು. ಬಿರುಕು ಅದರ ಹೊರಗೇ ನಿಂತಿತ್ತು.

"ಹಾಗಾದ್ರೆ ಅದು ಕೊನೆಗೆ ಕತ್ತರಿಸೋಕೆ ಅಂತ ಬಿಟ್ಟ ಮರ. ಮೊದಲು ಸೀಳೋದು ತುದಿಯೇ, ಅದಕ್ಕೆ ಅಲ್ಲಿ ಜಾಸ್ತಿ ಬಿಟ್ಟುಕೊಂಡು ಕೆತ್ತಬೇಕು. ನಾನು ಜಿಪುಣಿ, ಬಿಡಲ್ಲ. ನಿನ್ನ ಗಂಡ ಧಾರಾಳಿ, ಯಾವಾಗ್ಲೂ ಬೆರಳಗಲ ಬಿಡ್ತಿದ್ದ. ನಾನು ಆಡಿಕೊಂಡು ನಗ್ತಿದ್ದೆ. ಈಗ ಮತ್ತೆ ಫ್ರೀಜರಿಗೆ ಹಾಕಿ ಪ್ರಯೋಜನ ಇಲ್ಲಮ್ಮ. ಸೀಳೋಕೆ ಶುರುವಾದದ್ದು ಮುಂದುವರಿಯುತ್ತೆ. ಒದ್ದೆ ಬಟ್ಟೆ ಸುತ್ತಿಡು. ಎರಡು ಮೂರು ದಿನದಲ್ಲಿ ತೋಡಿ ಮುಗಿಸಬೇಕು. ನಾನು ಬಂದು ಮುಗಿಸಿಕೊಡ್ಲಾ?"

"ಬೇಡ," ಎಂದೆ. ಆ ಮಾತು ಎಲ್ಲಿಂದ ಬಂತೋ. "ಹೇಗೆ ಅಂತ ಹೇಳಿ."

ಚಾಕು ತಮ್ಮದೆಂಬ ಮಾತನ್ನು ಅವರು ಎತ್ತಲೇ ಇಲ್ಲ.

ಅತ್ತೆ ಹಳೆಯ ಬೆಡ್‌ಶೀಟ್ ಹಾಸಿದರು. ಸೌಟಿನ ಹಿಡಿಯನ್ನು ಅವನು ಪೂರ್ತಿ ಮುಗಿಸಿದ್ದ. ಎಡಗೈಯಲ್ಲಿ ಬಿಗಿಹಿಡಿದು, ಬಲಗೈಯಲ್ಲಿ ಕೊಕ್ಕೆಚಾಕು ಎಳೆದೆ. ಜಾರಿತು. ಇನ್ನೊಮ್ಮೆ ಎಳೆದೆ. ಮರ ಗಟ್ಟಿಯಾಗತೊಡಗಿತ್ತು. ಬಹಳ ಹೊತ್ತಿಗೆ ಉಗುರಿನಷ್ಟು ಒಂದು ಚಕ್ಕೆ ಎದ್ದಿತು.

"ಇಷ್ಟೇನಾ?" ಎಂದರು ಅತ್ತೆ. "ಇಲಿ ಇದಕ್ಕಿಂತ ಬೇಗ ಕಡಿಯುತ್ತೆ."

"ನಿಮ್ಮ ಮಗನನ್ನ ಕೇಳಬೇಕಿತ್ತು, ಹೇಗೆ ಅಂತ."

"ಕೇಳಿದ್ರೆ ಅವನು ಹೇಳ್ತಿದ್ನಾ? 'ಕೊಡಿಲ್ಲಿ' ಅಂತ ಕಿತ್ತುಕೊಳ್ತಿದ್ದ. ಚಿಕ್ಕವನಿದ್ದಾಗ ಚಪ್ಪಲಿ ಬಕಲ್ಲನ್ನೂ ನನಗೆ ಹಾಕೋಕೆ ಬಿಡ್ತಿರಲಿಲ್ಲ."

ಮರುದಿನ ಸಂಜೆಯೂ ಕೂತೆವು. ಅದರ ಮರುದಿನವೂ. ನಾನು ದಣಿದಾಗ ಅತ್ತೆ ಸೌಟಿಗೆ ನೀರು ಚಿಮುಕಿಸಿ ಹಿಡಿದುಕೊಂಡಿರುತ್ತಿದ್ದರು. ಬಟ್ಟಲಿನ ಒಳಗೆ ನನ್ನ ಗುರುತುಗಳೆಲ್ಲ ಅಡ್ಡಾದಿಡ್ಡಿ. ಹೊರಗೆ ಅವನವು, ಮೀನಿನ ಹುರುಪೆಯಂತೆ ಸಾಲಾಗಿ, ಸಮವಾಗಿ. ಕೊನೆಗೆ ಬಿರುಕಿದ್ದ ತುದಿಯನ್ನು ಪೆನ್ಸಿಲ್ ಗೆರೆಯ ತನಕ ಕತ್ತರಿಸಿದೆ. ಬಿರುಕು ಬಿದ್ದ ಚೂರು ಬೆಡ್‌ಶೀಟಿನ ಮೇಲೆ ಉಳಿದ ಚಕ್ಕೆಗಳ ಜೊತೆ ಬಿತ್ತು.

ತೊಳೆದು, ಕಲಕುವ ಹಾಗೆ ಹಿಡಿದು ನೋಡಿದೆ.

ನಾನು ಕಲಕುವಾಗ ಹೆಬ್ಬೆರಳನ್ನು ಪಕ್ಕಕ್ಕಿಡುವುದಿಲ್ಲ. ಹಿಡಿಯ ಮೇಲೆ, ಸ್ವಲ್ಪ ಎಡಕ್ಕೆ ವಾಲಿಸಿ ಚಾಚುತ್ತೇನೆ. ಇದು ನನಗೇ ಗೊತ್ತಿರಲಿಲ್ಲ. ಹಿಡಿಯ ಮೇಲೆ, ಸ್ವಲ್ಪ ಎಡಕ್ಕೆ, ಒಂದು ತಗ್ಗು ಇತ್ತು. ಬೆರಳು ತಾನಾಗಿ ಅಲ್ಲಿ ಹೋಗಿ ಮಲಗಿತು.

ಚಹಾ ಆರುವ ತನಕ ಅವನು ನೋಡುತ್ತಿದ್ದದ್ದು ಇದನ್ನು.

"ಕೊಡು, ನಾನೂ ನೋಡ್ತೀನಿ," ಎಂದು ಅತ್ತೆ ತೆಗೆದುಕೊಂಡರು. ಹಿಂದೆ ಮುಂದೆ ತಿರುಗಿಸಿದರು. ಅವರ ಬೆರಳು ಎಲ್ಲಿಯೂ ಕೂರಲಿಲ್ಲ. "ನನ್ನದಲ್ಲ ಇದು," ಎಂದು ನನ್ನ ಕೈಗೆ ವಾಪಸ್ ಇಟ್ಟರು. ಆಗ ನನಗೆ ಅಳು ಬಂತು. ಅವನನ್ನು ಸುಟ್ಟ ದಿನವೂ ನಾನು ಅತ್ತಿರಲಿಲ್ಲ. ಅತ್ತೆ ನನ್ನ ಸೆರಗಿನ ಚಕ್ಕೆಗಳನ್ನು ಒಂದೊಂದಾಗಿ ಆರಿಸುತ್ತ ಕೂತರು.

ಭಾನುವಾರ ಬೆಳಗ್ಗೆ ಡಾಕ್ಟರಮ್ಮನ ಮನೆಗೆ ನಡೆದು ಹೋದೆ. ಮಹಡಿಯ ಮೆಟ್ಟಿಲ ಮೇಲೇ ಚಕ್ಕೆಗಳು ಸಿಕ್ಕವು. ಅವರು ಕನ್ನಡಕವನ್ನು ಹಣೆಗೇರಿಸಿ ಎದ್ದು ಬಂದರು.

"ಚಾಕು ಮೊಂಡಾಗಿದೆ," ಎಂದೆ. "ನಾನು ಮಾಡಿದ್ದು. ಅವನಾಗಿದ್ರೆ ಸಾಣೆ ಹಿಡಿದು ಕೊಡ್ತಿದ್ದ."

"ಅವನಾಗಿದ್ರೆ ಕೊಡ್ತಾನೇ ಇರಲಿಲ್ಲ. ಹೋದ ಸಲ ಕೇಳಿ ಕೇಳಿ ನನಗೆ ಸಾಕಾಗಿತ್ತು."

ನಗು ಬಂತು. ಬಂದದ್ದು ಗೊತ್ತಾಗಿ ಹೆದರಿಕೆಯೂ ಆಯಿತು. ಅವರು ನನ್ನ ಕೈಯ ಗಾಯಗಳನ್ನು ನೋಡಿದರು.

"ಅವನ ಕೆಲಸ ಮುಗೀತಾಮ್ಮ?"

ಊಟ ಆಯ್ತಾ, ನಿದ್ದೆ ಬಂತಾ ಎಂದು ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ.

"ಮುಗೀತು," ಎಂದೆ.

ಕರವಸ್ತ್ರ ಸುತ್ತಿದ ಅಲಗನ್ನು ನಾನು ಹಿಡಿದು, ಚಾಕುವಿನ ಹಿಡಿಯನ್ನು ಅವರ ಕಡೆ ಚಾಚಿದೆ. ಅವರು ಹಿಡಿದುಕೊಂಡರು. ನನ್ನ ಬೆರಳುಗಳು ಬಿಡಲಿಲ್ಲ. ಅವರು ಎಳೆಯಲಿಲ್ಲ, ಹಾಗೇ ನಿಂತು ಕಾದರು.

ಆಮೇಲೆ ಬಿಟ್ಟೆ.